ಉಪನಗರದ ಪೇಟೆಯಲ್ಲಿ ಕಳ್ಳರ ಕಾಟವೇ? ಮೊದಲು ನಿಮ್ಮ ಬೀಟ್ ಪೊಲೀಸ್ ಯಾರು ಅಂತ ಪತ್ತೆ ಮಾಡಿ

ಕೆಂಗೇರಿ ಉಪನಗರವನ್ನೇ ತಗೊಳ್ಳಿ. ಮೈಸೂರು ರಸ್ತೆಯ ಬಸ್ಸುಗಳು ಒಂದು ಕಡೆ, ರೈಲು ನಿಲ್ದಾಣ ಇನ್ನೊಂದು ಕಡೆ. 2021ರ ಆಗಸ್ಟ್‌ನಲ್ಲಿ ಮೆಟ್ರೊ ಕೂಡ ಬಂತು. ಸಂಜೆ ಏಳಕ್ಕೆ ಅಲ್ಲಿ ಓಡಾಡುವವರಲ್ಲಿ ಅರ್ಧಕ್ಕರ್ಧ ಜನ ಆ ಊರಿನವರೇ ಅಲ್ಲ. ಇಳಿಯುತ್ತಾರೆ, ತರಕಾರಿ ಕೊಳ್ಳುತ್ತಾರೆ, ಇನ್ನೊಂದು ಬಸ್ಸು ಹತ್ತಿ ಹೋಗುತ್ತಾರೆ. ಯಲಹಂಕ ಉಪನಗರದ ಕಥೆಯೂ ಹೆಚ್ಚು ಕಡಿಮೆ ಇದೇ. ಇಂಥ ಕಡೆ ಮೊಬೈಲ್ ಹೋಯಿತು, ಬೈಕ್ ಹೋಯಿತು, ಸರ ಕಿತ್ತುಕೊಂಡು ಹೋದರು ಅನ್ನೋ ಸುದ್ದಿ ವಾರಕ್ಕೊಮ್ಮೆಯಾದರೂ ಅಪಾರ್ಟ್‌ಮೆಂಟ್‌ನ ವಾಟ್ಸ್ಆ್ಯಪ್ ಗುಂಪಿಗೆ ಬಂದೇ ಬರುತ್ತದೆ. ಕೆಳಗೆ ನಲವತ್ತು ಜನ 'ಪೊಲೀಸರು ಏನ್ ಮಾಡ್ತಿದ್ದಾರೆ' ಅಂತ ಬರೆಯುತ್ತಾರೆ. ಆ ನಲವತ್ತರಲ್ಲಿ ಒಬ್ಬರಿಗೂ ತಮ್ಮ ಬೀದಿಯ ಬೀಟ್ ಪೊಲೀಸ್, ಅಂದರೆ ಆ ಬೀದಿಯ ಗಸ್ತಿನ ಹೊಣೆ ಇರುವ ಸಿಬ್ಬಂದಿಯ ಹೆಸರು ಗೊತ್ತಿರುವುದಿಲ್ಲ.

ಅವರನ್ನು ಪತ್ತೆ ಮಾಡಿ, ಠಾಣೆಯಿಂದ ಕೆಲಸ ಮಾಡಿಸಿಕೊಳ್ಳುವುದು ಹೇಗೆ ಅನ್ನುವುದಕ್ಕೇ ಈ ಲೇಖನ. ಬೆಂಗಳೂರಿನ ಉಪನಗರಗಳನ್ನು ಮನಸ್ಸಲ್ಲಿಟ್ಟು ಬರೆದಿದ್ದೇನೆ. ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಹೊಸ ಬಡಾವಣೆಗಳಿಗೂ ಬಹುಪಾಲು ಹೊಂದುತ್ತದೆ.

ಮೊದಲು: ನೀವು ಯಾವ ಠಾಣೆಯ ಸರಹದ್ದಿನಲ್ಲಿದ್ದೀರಿ?

ಹತ್ತಿರದ ಠಾಣೆಯೇ ನಿಮ್ಮ ಠಾಣೆ ಆಗಬೇಕಿಲ್ಲ. ಉಪನಗರಗಳಲ್ಲಿ ಸರಹದ್ದು ಯಾವುದೋ ರಸ್ತೆಯ ನಡುವೆ, ರಾಜಕಾಲುವೆಯ ಅಂಚಿನಲ್ಲಿ ಹಾದುಹೋಗಿರುತ್ತದೆ. ರಸ್ತೆಯ ಈ ಬದಿ ಒಂದು ಠಾಣೆ, ಆ ಬದಿ ಇನ್ನೊಂದು. ಮನೆ ಒಂದರಲ್ಲಿ, ದಿನಾ ಹೋಗುವ ಮಾರ್ಕೆಟ್ ಇನ್ನೊಂದರಲ್ಲಿ ಇರಬಹುದು. ಎರಡನ್ನೂ ಕೇಳಿ ತಿಳಿದುಕೊಳ್ಳಿ. ರೈಲಿನಲ್ಲಿ, ರೈಲ್ವೆ ಪ್ಲಾಟ್‌ಫಾರಂನಲ್ಲಿ ಆದದ್ದು ರೈಲ್ವೆ ಪೊಲೀಸರಿಗೆ ಸೇರುತ್ತದೆ. ಅದರ ಸಹಾಯವಾಣಿ 139. ನಿಲ್ದಾಣದ ಹೊರಗಿನ ಆಟೊ ಸ್ಟ್ಯಾಂಡ್ ಮಾತ್ರ ಊರಿನ ಠಾಣೆಗೇ. ಟ್ರಾಫಿಕ್ ಠಾಣೆ ಬೇರೆ, ಕಾನೂನು ಸುವ್ಯವಸ್ಥೆಯ ಠಾಣೆ ಬೇರೆ ಅನ್ನುವುದೂ ನೆನಪಿರಲಿ. ಒಂದೇ ಕಟ್ಟಡದಲ್ಲಿದ್ದರೂ ಅವರ ಕೆಲಸ ಬೇರೆ.

'ಇದು ನಮ್ಮ ಸರಹದ್ದಲ್ಲ' ಅಂತ ದೂರುದಾರರನ್ನು ವಾಪಸ್ ಕಳಿಸುವ ಹಾಗಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಗಂಭೀರ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಅವರು ಸರಹದ್ದು ನೋಡದೆ ದಾಖಲಿಸುವ ಪ್ರಥಮ ವರ್ತಮಾನ ವರದಿ, ಅಂದರೆ ಝೀರೊ ಎಫ್‌ಐಆರ್ ಮಾಡಿ ಸರಿಯಾದ ಠಾಣೆಗೆ ಕಳಿಸಬೇಕು. ಕಲಂ ನಂಬರ್ ಹೇಳಿ ಜಗಳಕ್ಕೆ ಹೋಗಬೇಡಿ. 'ಸರ್, ಝೀರೊ ಎಫ್‌ಐಆರ್ ಮಾಡಿ ಕೊಡಿ' ಅಂದರೆ ಸಾಕು, ಎದುರಿಗಿರುವವರಿಗೆ ಅರ್ಥವಾಗುತ್ತದೆ.

ಅಂಕಿ ಅಂಶ ನೋಡಿ, ಆದರೆ ಸ್ವಲ್ಪ ಅನುಮಾನವೂ ಜೊತೆಗಿರಲಿ

ನಿಮ್ಮ ಏರಿಯಾದಲ್ಲಿ ಎಷ್ಟು ಅಪರಾಧ ನಡೆಯುತ್ತಿದೆ? ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ವರದಿ ಬೆಂಗಳೂರನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕುತ್ತದೆ. ಕೆಂಗೇರಿ, ಯಲಹಂಕ ಅಂತ ಬಿಡಿಸಿ ಹೇಳುವುದಿಲ್ಲ. ಠಾಣೆಯ ಮಟ್ಟಕ್ಕೆ ಇಳಿಯಬೇಕಾದರೆ ದಾರಿ ಬೇರೆ ಇದೆ.

2016ರಲ್ಲಿ ಸುಪ್ರೀಂ ಕೋರ್ಟ್ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಹಾಕಬೇಕು ಅಂತ ಆದೇಶ ಮಾಡಿತು. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳನ್ನು ಹಾಕುವುದಿಲ್ಲ, ಹಾಕಲೂಬಾರದು. ಉಳಿದವನ್ನು ಕರ್ನಾಟಕ ರಾಜ್ಯ ಪೊಲೀಸ್ ವೆಬ್‌ಸೈಟಿನಲ್ಲಿ ಠಾಣೆ ಮತ್ತು ವರ್ಷ ಆರಿಸಿ ಹುಡುಕಬಹುದು. ಇಲ್ಲೊಂದು ಸುಲಭದ ಲೆಕ್ಕ ಇದೆ. ಪ್ರತಿ ಎಫ್‌ಐಆರ್‌ಗೂ ಅಪರಾಧ ಸಂಖ್ಯೆ ಅಂತ ಇರುತ್ತದೆ. ಜನವರಿಯಲ್ಲಿ 1ರಿಂದ ಶುರುವಾಗಿ ವರ್ಷವಿಡೀ ಏರುತ್ತಾ ಹೋಗುತ್ತದೆ. ಜೂನ್ ಕೊನೆಯಲ್ಲಿ ನಿಮ್ಮ ಠಾಣೆಯ ಒಂದು ಎಫ್‌ಐಆರ್ ಮೇಲೆ 212 ಅಂತ ಇದ್ದರೆ, ಆರು ತಿಂಗಳಲ್ಲಿ ಅಲ್ಲಿ ಅಷ್ಟು ಎಫ್‌ಐಆರ್ ಆಗಿವೆ ಅಂತ ಅರ್ಥ.

ಆದರೆ ಆ 212ರಲ್ಲಿ ಎಲ್ಲವೂ ಕಳ್ಳತನ, ಹೊಡೆದಾಟ ಅಲ್ಲ. ಮನೆ ಬಿಟ್ಟು ಹೋದವರ ನಾಪತ್ತೆ ಪ್ರಕರಣ ಇರುತ್ತದೆ. ಇಸ್ಪೀಟ್ ದಾಳಿ ಇರುತ್ತದೆ. ಚೀಟಿ ವ್ಯವಹಾರದ ಮೋಸ, ಜಾಗದ ಜಗಳವೂ ಇರುತ್ತವೆ. ಕಳ್ಳತನವನ್ನು ಮಾತ್ರ ಬೇರೆ ಮಾಡಿ ಎಣಿಸಬೇಕು. ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 303 ಅಂದರೆ ಕಳವು, 304 ಅಂದರೆ ಕಿತ್ತುಕೊಂಡು ಹೋಗುವುದು, 305ರಲ್ಲಿ ಮನೆಯೊಳಗಿನ ಕಳವು ಬರುತ್ತದೆ. ಈ ಮೂರನ್ನು ನೋಡಿದರೆ ಪೇಟೆಯ ನಾಡಿ ಸಿಗುತ್ತದೆ.

ಇನ್ನೂ ಒಂದು ಮಾತು. ಬಸ್ ನಿಲ್ದಾಣ ಇರುವ ಠಾಣೆಯಲ್ಲಿ ಎಫ್‌ಐಆರ್ ಜಾಸ್ತಿ ಇದ್ದೇ ಇರುತ್ತದೆ. ಹಾದುಹೋಗುವವರ ಜೇಬು ಹೋದರೂ ಲೆಕ್ಕ ಆ ಠಾಣೆಯ ತಲೆಗೇ ಬರುತ್ತದೆ. ಅದರಿಂದ ಹಿಂದಿನ ಕ್ರಾಸಿನ ಮನೆಗಳೂ ಅಪಾಯದಲ್ಲಿವೆ ಅಂತ ಅಲ್ಲ. ಒಂದು ವರ್ಷ ಎಫ್‌ಐಆರ್ ಏರಿತು ಅಂದರೆ ಅಪರಾಧವೇ ಏರಿತು ಅಂತಲೂ ಅಲ್ಲ. ದೂರು ಬರೆದುಕೊಳ್ಳುವ ಇನ್ಸ್‌ಪೆಕ್ಟರ್ ಬಂದರೂ ಸಂಖ್ಯೆ ಏರುತ್ತದೆ. ಕಡಿಮೆ ಎಫ್‌ಐಆರ್ ಇರುವ ಠಾಣೆ ಕಂಡರೆ ನನಗಂತೂ ಸಮಾಧಾನಕ್ಕಿಂತ ಅನುಮಾನವೇ ಮೊದಲು.

ಪೇಟೆಯನ್ನು ಗಂಟೆ ಹಿಡಿದು ನೋಡಿ

'ನಮ್ಮ ಏರಿಯಾ ಸೇಫ್ ಇಲ್ಲ' ಅನ್ನುವ ಮಾತಿನಿಂದ ಪೊಲೀಸರಿಗೆ ಏನೂ ಸಿಗುವುದಿಲ್ಲ. ಯಾವ ಜಾಗ, ಯಾವ ಹೊತ್ತು, ಯಾವ ಥರದ ಕೃತ್ಯ ಅಂತ ಹೇಳಿದರೆ ಸಿಗುತ್ತದೆ.

ಪೇಟೆಗೆ ದಿನದಲ್ಲಿ ಬೇರೆ ಬೇರೆ ಮುಖ ಇರುತ್ತದೆ. ಬೆಳಿಗ್ಗೆ ಆರರ ಹೊತ್ತು ವಾಕಿಂಗ್ ಹೋಗುವ, ಹೂವು ಕೊಯ್ಯುವ, ದೇವಸ್ಥಾನಕ್ಕೆ ಹೋಗುವ ಹೆಂಗಸರು ಒಬ್ಬೊಬ್ಬರೇ ಇರುತ್ತಾರೆ. ಸರಗಳ್ಳರಿಗೆ ಇಷ್ಟವಾದ ಹೊತ್ತು ಇದು. ಸಂಜೆ ನೂಕುನುಗ್ಗಲಲ್ಲಿ ಬಸ್ಸಿನ ಮೆಟ್ಟಿಲ ಹತ್ತಿರ ಮೊಬೈಲ್ ಮಾಯವಾಗುತ್ತದೆ. ಒಬ್ಬ ಮುಂದೆ ಅಡ್ಡ ನಿಲ್ಲುತ್ತಾನೆ, ಇನ್ನೊಬ್ಬ ಹಿಂದಿನಿಂದ ಕೈ ಹಾಕುತ್ತಾನೆ, ಮೂರನೆಯವನು ಮಾಲು ಹಿಡಿದು ಬಸ್ಸು ಹತ್ತದೆ ನಡೆದುಬಿಡುತ್ತಾನೆ. ಮಧ್ಯಾಹ್ನ ಬ್ಯಾಂಕಿನ ಎದುರು ಗಮನ ಬೇರೆಡೆ ಸೆಳೆಯುವವರು. ನೆಲದ ಮೇಲೆ ಹತ್ತರ ನೋಟು ನಾಲ್ಕು ಚೆಲ್ಲಿ 'ಸಾರ್, ನಿಮ್ಮ ದುಡ್ಡು ಬಿತ್ತು' ಅನ್ನುತ್ತಾರೆ. ನೀವು ಬಗ್ಗಿದಿರೋ, ಬೈಕಿನ ಬಾಕ್ಸ್ ಖಾಲಿ.

ವಯಸ್ಸಾದವರಿಗೆ ಹೇಳಲೇಬೇಕಾದ್ದು ಇನ್ನೊಂದಿದೆ. ಸಫಾರಿ ತೊಟ್ಟ ಇಬ್ಬರು ಬೈಕಿನಲ್ಲಿ ಬರುತ್ತಾರೆ. 'ಅಮ್ಮಾ, ನಾವು ಪೊಲೀಸ್. ಮುಂದಿನ ರೋಡಲ್ಲಿ ಗಲಾಟೆ ಆಗಿದೆ. ಇಷ್ಟೊಂದು ಚಿನ್ನ ಹಾಕ್ಕೊಂಡು ಯಾಕೆ ಓಡಾಡ್ತೀರಾ? ಬಿಚ್ಚಿ ಪೇಪರಲ್ಲಿ ಸುತ್ತಿ ಬ್ಯಾಗಲ್ಲಿ ಇಟ್ಕೊಳ್ಳಿ' ಅನ್ನುತ್ತಾರೆ. ಸುತ್ತಿಕೊಡಲು ತಾವೇ ಸಹಾಯ ಮಾಡುತ್ತಾರೆ. ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ ಒಳಗೆ ಕಲ್ಲು. ಪೊಲೀಸರು ಯಾವತ್ತೂ ರಸ್ತೆಯಲ್ಲಿ ಚಿನ್ನ ಬಿಚ್ಚಿಸುವುದಿಲ್ಲ. ಇದನ್ನು ಮನೆಯ ಅಜ್ಜಿಗೆ, ಅತ್ತೆಗೆ, ಅಮ್ಮನಿಗೆ ಒಂದಲ್ಲ, ನಾಲ್ಕು ಸಲ ಹೇಳಿ.

ಬೀಗ ಹಾಕಿದ ಮನೆಯನ್ನು ಕಳ್ಳರು ಬಾಗಿಲಿನಿಂದಲೇ ಗುರುತಿಸುತ್ತಾರೆ. ಬೆಳಿಗ್ಗೆ ನೀರು ಹಾಕಿಲ್ಲ, ರಂಗೋಲಿ ಇಲ್ಲ, ಎರಡು ದಿನದ ಪೇಪರ್ ಬಿದ್ದಿದೆ, ಗೇಟಿಗೆ ಹೊರಗಿನಿಂದ ದೊಡ್ಡ ಬೀಗ. ಊರಿಗೆ ಹೋಗುವಾಗ ಪೇಪರ್, ಹಾಲು ನಿಲ್ಲಿಸಿ. ಕೆಲಸದವರಿಗೋ ಪಕ್ಕದ ಮನೆಯವರಿಗೋ ರಂಗೋಲಿ ಹಾಕಲು ಹೇಳಿ. ಬೀಟ್ ಸಿಬ್ಬಂದಿಗೆ ಒಂದು ಮಾತು ತಿಳಿಸಿ.

ಒಂದು ಎಚ್ಚರಿಕೆ. ಕೃತ್ಯ ನೋಡಿ, ಮುಖ ನೋಡಬೇಡಿ. 'ಹೊರಗಿನವರು' ಅನ್ನುವ ಒಂದೇ ಕಾರಣಕ್ಕೆ ಯಾರದೋ ಫೋಟೊ ಹೊಡೆದು ಗುಂಪಿಗೆ ಹಾಕಬೇಡಿ. 2018ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲೇ ಮಕ್ಕಳ ಕಳ್ಳರ ವದಂತಿ ನಂಬಿ ಜನ ಒಬ್ಬ ಯುವಕನನ್ನು ಹೊಡೆದು ಕೊಂದರು. ಶುರುವಾದದ್ದು ಮೊಬೈಲ್ ಫಾರ್ವರ್ಡ್‌ಗಳಿಂದ.

ಬೀಟ್ ಪೊಲೀಸರನ್ನು ಹುಡುಕುವುದು

ಪ್ರತಿ ಠಾಣೆಯ ಸರಹದ್ದನ್ನು ಬೀಟ್‌ಗಳಾಗಿ ಹಂಚಿರುತ್ತಾರೆ. ರಾಜ್ಯದಲ್ಲಿ 2017ರಲ್ಲಿ ಈ ವ್ಯವಸ್ಥೆಯನ್ನು ಬದಲಿಸಿ, ಠಾಣೆಯ ಒಬ್ಬೊಬ್ಬ ಸಿಬ್ಬಂದಿಗೂ ಒಂದೊಂದು ಬೀಟ್‌ನ ಹೊಣೆ ಕೊಟ್ಟರು. 2025ರ ಜುಲೈನಲ್ಲಿ 'ಮನೆ ಮನೆಗೆ ಪೊಲೀಸ್' ಶುರುವಾಯಿತು. ಬೀಟ್ ಸಿಬ್ಬಂದಿ ಮನೆಗಳ ಸಣ್ಣ ಸಣ್ಣ ಗುಂಪು ಮಾಡಿಕೊಂಡು ಬಾಗಿಲಿಗೇ ಬಂದು ಮಾತಾಡಬೇಕು, ಕಷ್ಟ ಕೇಳಬೇಕು ಅನ್ನುವುದು ಯೋಜನೆ. ನಿಮ್ಮ ಬೀದಿಗೆ ಇನ್ನೂ ಬಂದಿಲ್ಲ ಅಂದರೆ ನೀವೇ ಠಾಣೆಗೆ ಹೋಗಿ.

ಹೋಗುವ ಹೊತ್ತು ಮುಖ್ಯ. ಬೆಳಿಗ್ಗೆ ಹಾಜರಿ ಹೊತ್ತಿಗೆ, ಬಂದೋಬಸ್ತ್ ಇರುವ ದಿನ ಹೋದರೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ಗಣೇಶನ ಹಬ್ಬದ ವಾರವಂತೂ ಬೇಡವೇ ಬೇಡ. ಒಳಗೆ ಹೋಗಿ ಠಾಣಾಧಿಕಾರಿ ಕೂತಿರುವ ಟೇಬಲ್ ಹತ್ತಿರ ಸರಳವಾಗಿ ಕೇಳಿ: 'ಸರ್, ನಾವು ಮೂರನೇ ಕ್ರಾಸಲ್ಲಿ ಇದ್ದೀವಿ. ನಮ್ಮ ಬೀಟ್ ಯಾರದು? ಅವರ ಹೆಸರು, ನಂಬರ್ ಬೇಕಿತ್ತು.' ಯಾಕೆ ಅಂತ ಕೇಳಿದರೆ 'ಪರಿಚಯ ಮಾಡ್ಕೊಳ್ಳೋಣ ಅಂತ' ಅನ್ನಿ. ಏನೂ ಆಗದೆ ಠಾಣೆಗೆ ಬರುವವರು ಕಡಿಮೆ. ಅದಕ್ಕೇ ಅಂಥವರು ನೆನಪಿನಲ್ಲಿ ಉಳಿಯುತ್ತಾರೆ.

ಬೀಟ್ ಸಿಬ್ಬಂದಿ ಗಸ್ತು ಬಂದು ಹೋಗಿದ್ದಕ್ಕೆ ಗುರುತು ಇರುತ್ತದೆ. ಮೊದಲು ಗೇಟಿನಲ್ಲೋ ಕಂಬದಲ್ಲೋ ತೂಗುಹಾಕಿದ ಬೀಟ್ ಪುಸ್ತಕಕ್ಕೆ ಸಹಿ ಮಾಡುತ್ತಿದ್ದರು. ಈಗ ಹಲವು ಕಡೆ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವ ಇ-ಬೀಟ್ ಬಂದಿದೆ. ಈ ಪಾಯಿಂಟ್‌ಗಳು ಎಲ್ಲಿವೆ ಅಂತ ಕೇಳಿ. ಎಲ್ಲ ಪಾಯಿಂಟ್ ಮುಖ್ಯರಸ್ತೆಯಲ್ಲೇ ಇದ್ದು ಕತ್ತಲ ಓಣಿಯಲ್ಲಿ ಒಂದೂ ಇಲ್ಲದಿದ್ದರೆ, ಒಂದನ್ನು ಅಲ್ಲಿಗೆ ಸರಿಸಲು ಕೇಳಬಹುದು. ಒಂದು ಪಾಯಿಂಟ್ ಸರಿಸಿದರೆ ಆಗುವ ಉಪಯೋಗ ಹತ್ತು ಮನವಿ ಪತ್ರದಿಂದಲೂ ಆಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ನಂಬರ್ ಸಿಕ್ಕಿತು ಅಂತ ದಿನಾ ಗುಡ್ ಮಾರ್ನಿಂಗ್ ಕಳಿಸಬೇಡಿ. ಬೀಟ್ ಸಿಬ್ಬಂದಿಗೆ ಬೀಟ್ ಒಂದೇ ಕೆಲಸ ಅಲ್ಲ. ಕೋರ್ಟಿನ ಸಮನ್ಸ್ ತಲುಪಿಸುವುದು, ಪಾಸ್‌ಪೋರ್ಟ್ ಪರಿಶೀಲನೆ, ಬಂದೋಬಸ್ತ್, ರಾತ್ರಿ ಪಾಳಿ ಎಲ್ಲ ಅವರ ಮೇಲೇ ಇರುತ್ತದೆ. ಮತ್ತೆ, ತುರ್ತು ಅಂದರೆ ಅವರಿಗೆ ಫೋನ್ ಮಾಡುತ್ತ ಕೂರಬೇಡಿ. 112ಕ್ಕೇ ಮಾಡಿ. ಆ ಕರೆ ದಾಖಲಾಗುತ್ತದೆ, ಹತ್ತಿರದ ಹೊಯ್ಸಳ ಗಸ್ತು ಗಾಡಿ ಹೊರಡುತ್ತದೆ.

ಜನಸಂಪರ್ಕ ದಿವಸಕ್ಕೆ ಕಾಗದ ಹಿಡಿದು ಹೋಗಿ

ಬೆಂಗಳೂರಿನ ಠಾಣೆಗಳಲ್ಲಿ ತಿಂಗಳ ನಾಲ್ಕನೇ ಶನಿವಾರ ಜನರ ಅಹವಾಲು ಕೇಳುವ ಮಾಸಿಕ ಜನಸಂಪರ್ಕ ದಿವಸ ನಡೆಸುವ ರೂಢಿ ಇದೆ. ಕೆಲವು ಠಾಣೆಗಳಿಗೆ ಡಿಸಿಪಿ, ಎಸಿಪಿಗಳೂ ಬರುತ್ತಾರೆ. ದಿನಾಂಕ ಬದಲಾಗುವುದುಂಟು, ಹಿಂದಿನ ದಿನ ಒಂದು ಫೋನ್ ಮಾಡಿ ಕೇಳಿಕೊಳ್ಳಿ.

ಅಲ್ಲಿ ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಒಂದು ಹಾಳೆ ಬರೆದುಕೊಂಡು ಹೋಗಿ. ಹೀಗೆ:

"ಮಾನ್ಯರೇ, ಬಸ್ ನಿಲ್ದಾಣದ ಹಿಂದೆ ಎಟಿಎಂ ಪಕ್ಕದ ಓಣಿಯಲ್ಲಿ ವಾರದ ದಿನಗಳಲ್ಲಿ ಸಂಜೆ 7ರಿಂದ 8.30ರ ನಡುವೆ ನಿಲ್ಲಿಸಿದ ಬೈಕುಗಳಿಂದ ಪೆಟ್ರೋಲ್, ಬ್ಯಾಟರಿ, ಹೆಲ್ಮೆಟ್ ಕಳವಾಗುತ್ತಿವೆ. ಕಳೆದ ತಿಂಗಳು ನಮಗೆ ತಿಳಿದ ನಾಲ್ಕು ಘಟನೆಗಳ ದಿನಾಂಕ ಮತ್ತು ಸಮಯ ಕೆಳಗಿದೆ. ಓಣಿಯ ಎರಡು ದೀಪ ಕೆಟ್ಟಿವೆ. ಈ ಹೊತ್ತಿನಲ್ಲಿ ಗಸ್ತು ಹಾಕಿಸಿ, ಓಣಿಯ ತುದಿಗೆ ಒಂದು ಬೀಟ್ ಪಾಯಿಂಟ್ ಇಡಬೇಕೆಂದು ಕೋರುತ್ತೇವೆ."

ಇಷ್ಟೇ. ಪೊಲೀಸ್ ಇಲಾಖೆಯ ಇತಿಹಾಸ ಬೇಡ, ಸಮಾಜ ಹಾಳಾಗಿದೆ ಅನ್ನುವ ಪೀಠಿಕೆ ಬೇಡ. ಕೆಳಗೆ ಐದಾರು ಜನ ಸಹಿ ಹಾಕಿ. ಅಂಗಡಿಯವರ ಸಹಿ ಇದ್ದರೆ ತೂಕ ಜಾಸ್ತಿ, ಯಾಕಂದರೆ ಅವರು ಬೆಳಿಗ್ಗೆಯಿಂದ ರಾತ್ರಿವರೆಗೂ ಅಲ್ಲೇ ಇರುತ್ತಾರೆ. ಎರಡು ಪ್ರತಿ ಒಯ್ಯಿರಿ. ಒಂದು ಕೊಟ್ಟು, ಇನ್ನೊಂದರ ಮೇಲೆ ಠಾಣೆಯ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಮುಂದಿನ ತಿಂಗಳು ಅದೇ ಪ್ರತಿ ಹಿಡಿದು 'ಸರ್, ಇದು ಏನಾಯ್ತು' ಅಂತ ಕೇಳಿ.

ಏನಾದರೂ ನಡೆದೇ ಹೋದರೆ

ಮೊಬೈಲ್ ಹೋದರೆ ಮೊದಲು ಠಾಣೆಗಲ್ಲ. ಬೇರೆಯವರ ಫೋನಿಂದ ಸಿಮ್ ಬ್ಲಾಕ್ ಮಾಡಿಸಿ, ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿ. ಈಗ ಕಳ್ಳರಿಗೆ ಹ್ಯಾಂಡ್‌ಸೆಟ್‌ಗಿಂತ ಅದರೊಳಗಿನ ಬ್ಯಾಂಕ್ ಖಾತೆ ಮೇಲೆ ಕಣ್ಣು. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. 2023ರಲ್ಲಿ ಕರ್ನಾಟಕದಲ್ಲಿ 21,889 ಸೈಬರ್ ಪ್ರಕರಣ ದಾಖಲಾದವು, ದೇಶದಲ್ಲೇ ಅತಿ ಹೆಚ್ಚು. ತಡ ಮಾಡಿದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಓಡುತ್ತಿರುತ್ತದೆ.

ಆಮೇಲೆ ಠಾಣೆ. ಇಲ್ಲಿ ಒಂದು ವಿಷಯಕ್ಕೆ ಗಟ್ಟಿಯಾಗಿ ನಿಲ್ಲಿ. ಕಳೆದುಹೋದದ್ದು ಬೇರೆ, ಕಳವಾದದ್ದು ಬೇರೆ. ಕಳೆದುಹೋದದ್ದಕ್ಕೆ ಪೊಲೀಸರ ಆನ್‌ಲೈನ್ ಸೇವೆಯಾದ ಇ-ಲಾಸ್ಟ್‌ನಲ್ಲಿ ನೀವೇ ವರದಿ ಹಾಕಿ ಸ್ವೀಕೃತಿ ಪಡೆಯಬಹುದು. ಅದಕ್ಕೆ ತನಿಖೆ ಇಲ್ಲ. ಕೈಯಿಂದ ಕಿತ್ತುಕೊಂಡು ಹೋಗಿದ್ದನ್ನೂ 'ಇ-ಲಾಸ್ಟ್ ಹಾಕ್ಬಿಡಿ, ಸುಲಭ' ಅನ್ನುವವರು ಸಿಗುತ್ತಾರೆ. ಒಪ್ಪಬೇಡಿ. ನೀವು ಒಪ್ಪಿದರೆ ಆ ಓಣಿಯಲ್ಲಿ ಅಪರಾಧವೇ ನಡೆದಿಲ್ಲ ಅಂತ ಲೆಕ್ಕ. ಗಸ್ತು ಯಾಕೆ ಹಾಕಬೇಕು, ಅಲ್ವಾ?

5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳವನ್ನು ಹೊಸ ಕಾನೂನು ಅಸಂಜ್ಞೇಯ ಅಪರಾಧ, ಅಂದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡಲಾಗದ ಅಪರಾಧ ಅಂತ ಇಟ್ಟಿದೆ. ಅದಕ್ಕೆ ನೇರ ಎಫ್‌ಐಆರ್ ಆಗದೆ ಎನ್‌ಸಿಆರ್ (ಅಸಂಜ್ಞೇಯ ವರದಿ) ಆಗಬಹುದು. ಅದರ ಪ್ರತಿಯನ್ನೂ ಕೇಳಿ ಪಡೆಯಿರಿ. ಮೊಬೈಲಿನ ಬಿಲ್ಲು ಒಯ್ದರೆ ಬೆಲೆಯ ಬಗ್ಗೆ ಮಾತೇ ಬರುವುದಿಲ್ಲ.

ಎಫ್‌ಐಆರ್ ಆದರೆ ಪ್ರತಿ ಉಚಿತ. ದೂರನ್ನು ಆನ್‌ಲೈನ್‌ನಲ್ಲಿ ಕಳಿಸಿದ್ದರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ದೂರಿನ ಪ್ರತಿ ಇಟ್ಟುಕೊಂಡು ಕೇಂದ್ರ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಮೊಬೈಲಿನ ಐಎಂಇಐ ನಂಬರ್, ಅಂದರೆ ಆ ಹ್ಯಾಂಡ್‌ಸೆಟ್‌ನ ಗುರುತಿನ ಸಂಖ್ಯೆಯನ್ನು ಬ್ಲಾಕ್ ಮಾಡಿ. ಆ ನಂಬರ್ ಯಾವುದು ಅಂತ ಈಗಲೇ *#06# ಒತ್ತಿ ನೋಡಿ ಬರೆದಿಟ್ಟುಕೊಳ್ಳಿ. ಬೈಕ್ ಕಳವಾದರೆ ರಾಜ್ಯ ಪೊಲೀಸ್ ಪೋರ್ಟಲ್‌ನಲ್ಲಿ ಇ-ಎಫ್‌ಐಆರ್ ಸೌಲಭ್ಯ ಇದೆ. ಬೈಕ್ ಸಿಗದಿದ್ದರೆ ಪೊಲೀಸರು ಕೋರ್ಟಿಗೆ ಹಾಕುವ ಪತ್ತೆಯಾಗದ ವರದಿಯನ್ನು ಠಾಣೆಯಲ್ಲಿ 'ಸಿ ರಿಪೋರ್ಟ್' ಅನ್ನುತ್ತಾರೆ. ವಿಮೆಯವರು ಕೇಳುವುದು ಅದನ್ನೇ.

ಸಿಸಿಟಿವಿ ದೃಶ್ಯಕ್ಕೆ ಅದೇ ದಿನ ಓಡಿ. ಸಣ್ಣ ಅಂಗಡಿಯಲ್ಲಿ ದೃಶ್ಯ ಉಳಿಸಿಡುವ ಡಿವಿಆರ್ ಪೆಟ್ಟಿಗೆ ಕೆಲವೇ ದಿನಗಳಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ಜಾಸ್ತಿ ಜನ ಸೇರುವ ದೊಡ್ಡ ಮಳಿಗೆಗಳು 30 ದಿನ ದೃಶ್ಯ ಇಟ್ಟಿರಬೇಕು ಅಂತ ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಅಂಗಡಿಯವರು ನಿಮಗೆ ಕೊಡದಿದ್ದರೆ ಬೇಸರ ಬೇಡ, 'ಅಳಿಸದೆ ಇಡಿ, ಪೊಲೀಸರು ಬರ್ತಾರೆ' ಅಂತ ಹೇಳಿ. ಇನ್ನೊಂದು ಚಿಕ್ಕ ವಿಷಯ: ಕ್ಯಾಮೆರಾದ ಗಡಿಯಾರ ನಿಮ್ಮ ಗಡಿಯಾರಕ್ಕಿಂತ ಎಷ್ಟು ಮುಂದೆ, ಎಷ್ಟು ಹಿಂದೆ ಇದೆ ಅಂತ ಬರೆದುಕೊಳ್ಳಿ. ಆ ಹತ್ತು ನಿಮಿಷದ ವ್ಯತ್ಯಾಸದಿಂದ ತನಿಖೆಯಲ್ಲಿ ಅರ್ಧ ದಿನ ಹಾಳಾಗುತ್ತದೆ.

ಸಾಕ್ಷಿ ಹೇಳಲು ಹೆಂಗಸರನ್ನು, 15 ವರ್ಷದೊಳಗಿನ ಮತ್ತು 60 ದಾಟಿದ ಗಂಡಸರನ್ನು ಠಾಣೆಗೆ ಬರಲೇಬೇಕು ಅಂತ ಕರೆಸುವಂತಿಲ್ಲ. ಮನೆಗೇ ಬಂದು ಹೇಳಿಕೆ ಪಡೆಯಬೇಕು. ಸರ ಹೋದ ಅಜ್ಜಿಯನ್ನು ನಾಲ್ಕು ಸಲ ಆಟೊದಲ್ಲಿ ಕರೆದುಕೊಂಡು ಹೋಗುವ ಅಗತ್ಯ ಇಲ್ಲ.

ಪೊಲೀಸರದಲ್ಲದ ಕೆಲಸ

ಬೀದಿದೀಪ, ಪೊದೆ ಬೆಳೆದ ಖಾಲಿ ಸೈಟು, ಮುರಿದ ಕಾಂಪೌಂಡು ಪಾಲಿಕೆಗೆ ಸೇರಿದ್ದು. ಬೆಂಗಳೂರಿನಲ್ಲಿ ಪಾಲಿಕೆಯ ಸಹಾಯವಾಣಿ 1533ಕ್ಕೆ ಫೋನ್ ಮಾಡಿ, ದೀಪದ ಕಂಬದ ನಂಬರ್ ಹೇಳಿ, ದೂರಿನ ಸಂಖ್ಯೆ ಪಡೆಯಿರಿ. ವೈನ್‌ಶಾಪ್ ಮುಂದೆ ರಸ್ತೆಯಲ್ಲೇ ಕುಡಿಯುತ್ತಾ ನಿಲ್ಲುತ್ತಾರಾ? ಸಿಎಲ್-2 ಲೈಸೆನ್ಸ್ ಇರುವ ಅಂಗಡಿ ಮಾರಬಹುದು ಅಷ್ಟೇ, ಅಲ್ಲಿ ಕುಡಿಸುವ ಹಾಗಿಲ್ಲ. ಠಾಣೆಗೆ ಕೊಟ್ಟ ದೂರಿನ ಪ್ರತಿಯನ್ನು ಅಬಕಾರಿ ಇಲಾಖೆಗೂ ಕೊಡಿ. ಲೈಸೆನ್ಸ್ ವಿಷಯ ಬಂದರೆ ಅಂಗಡಿಯವರೇ ಗಿರಾಕಿಗಳನ್ನು ಸರಿಸುತ್ತಾರೆ.

ಏನೂ ಆಗದಿದ್ದರೆ

ದೂರು ತೆಗೆದುಕೊಳ್ಳಲಿಲ್ಲ ಅಂದರೆ ಮೊದಲು ಇನ್ಸ್‌ಪೆಕ್ಟರ್, ಆಮೇಲೆ ಎಸಿಪಿ, ನಂತರ ಡಿಸಿಪಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಬರೆಯಿರಿ. ಜಿಲ್ಲೆಗಳಲ್ಲಿ ಡಿಸಿಪಿ ಬದಲು ಎಸ್‌ಪಿ. ಅಲ್ಲೂ ಆಗದಿದ್ದರೆ ಅದೇ 173ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟ್ ಬಳಿ ಹೋಗಬಹುದು. ಇದಕ್ಕೆ ವಕೀಲರ ಸಹಾಯ ಬೇಕಾಗುತ್ತದೆ. ಅರ್ಜಿ ಮುಕ್ತಾಯ ಮಾಡಿದೆವು ಅಂದರೆ ಬರೀ ಮಾತಿಗೆ ಒಪ್ಪಬೇಡಿ, ಹಿಂಬರಹ ಕೊಡಿ ಅನ್ನಿ. ಯಾವ ಕಾರಣಕ್ಕೆ ಮುಗಿಸಿದರು ಅಂತ ಅದರಲ್ಲಿ ಇರುತ್ತದೆ. ತನಿಖೆ ನಡೆಯುತ್ತಿರುವ ಪ್ರಕರಣದಲ್ಲಿ ಏನಾಗಿದೆ ಅಂತ 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು ಅಂತಲೂ ಹೊಸ ಸಂಹಿತೆಯಲ್ಲಿದೆ. 91ನೇ ದಿನ ಫೋನ್ ಮಾಡಿ ಕೇಳಲು ಸಂಕೋಚ ಯಾಕೆ?

ಪೇಟೆಯ ಒಟ್ಟು ಪರಿಸ್ಥಿತಿ ತಿಳಿಯಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಒಳ್ಳೆಯ ದಾರಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ದಾಟಬಾರದು. ಹೀಗೆ ಕೇಳಿ: ಕಳೆದ ಮೂರು ವರ್ಷಗಳಲ್ಲಿ ಇಂಥ ಠಾಣೆಯಲ್ಲಿ ದಾಖಲಾದ ಕಳವು, ಸರಗಳ್ಳತನ, ಮನೆಗಳ್ಳತನ ಪ್ರಕರಣ ವರ್ಷವಾರು ಎಷ್ಟು, ಪತ್ತೆಯಾದದ್ದು ಎಷ್ಟು, ಸಿ ರಿಪೋರ್ಟ್ ಆದದ್ದು ಎಷ್ಟು. ಉತ್ತರಕ್ಕೆ 30 ದಿನ. ತಪ್ಪು ಕಚೇರಿಗೆ ಹಾಕಿದರೂ ಅವರು ಐದು ದಿನದೊಳಗೆ ಸರಿಯಾದ ಕಚೇರಿಗೆ ಕಳಿಸಬೇಕು. ಬಂದ ಉತ್ತರವನ್ನು ಜೆರಾಕ್ಸ್ ಮಾಡಿಸಿ ಮುಂದಿನ ಜನಸಂಪರ್ಕ ದಿವಸಕ್ಕೆ ಒಯ್ಯಿರಿ. ಡಿಸಿಪಿ ಬರುವ ತಿಂಗಳಾದರೆ ಇನ್ನೂ ಒಳ್ಳೆಯದು.